ಏಳು ಅಡಿ ನೀರು, ಎರಡು ಅಳತೆಗೋಲು

ಜುಲೈ ಬಂತೆಂದರೆ ಸಿರುಗುಪ್ಪ, ಕುರುಗೋಡು ಕಡೆಯವರ ಮೊಬೈಲಿಗೆ ಬೆಳಿಗ್ಗೆ ಏಳುತ್ತಲೇ ತುಂಗಭದ್ರಾ (ಟಿ.ಬಿ.) ಡ್ಯಾಂ ಲೆಕ್ಕ ಬಂದು ಬೀಳುತ್ತದೆ. ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು, ಹೊರಹರಿವು ಇಷ್ಟಿಷ್ಟು ಕ್ಯೂಸೆಕ್. ಭತ್ತದ ಸಸಿ ಬಿಟ್ಟು ಕಾಲುವೆ ನೀರಿಗೆ ಕಾದು ಕೂತವರಿಗೆ ಚಹಾಕ್ಕಿಂತ ಮೊದಲು ಇದು ಬೇಕು.

ಬಳ್ಳಾರಿಯ ಮನೆಯಲ್ಲಿ ಕೂತು 2024 ಮತ್ತು 2025ರ ಈ ಅಂಕಿಗಳನ್ನು ಎಕ್ಸೆಲ್‌ಗೆ ತುಂಬಿದೆ. ಅಡಿಯ ಕಾಲಂ, ಟಿಎಂಸಿಯ ಕಾಲಂ ಎರಡನ್ನೂ ಹಿಡಿದು ಗ್ರಾಫ್ ಹಾಕಿದರೆ, ಅಡಿಯ ಗೆರೆ ಬಟ್ಟೆ ಒಣಹಾಕುವ ತಂತಿಯಂತೆ ಮೇಲೆ ನೆಟ್ಟಗೆ ನಿಂತಿತು. ಟಿಎಂಸಿಯ ಗೆರೆ ಇರುವೆ ಸಾಲಿನಂತೆ ನೆಲ ಹಿಡಿಯಿತು. ಆಗದೆ ಇನ್ನೇನು? ಡ್ಯಾಂ ತುಂಬಿದಾಗ ಮಟ್ಟ 1,633 ಅಡಿ, ನೀರು 105.788 ಟಿಎಂಸಿ. ಎರಡನ್ನೂ ಒಂದೇ ಅಳತೆಗೋಲಿಗೆ ಕಟ್ಟಿದ್ದೆ.

ಮದ್ದು ಸುಲಭದ್ದೇ. ಟಿಎಂಸಿ ಗೆರೆಯ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಡೇಟಾ ಸೀರೀಸ್, ಸೆಕೆಂಡರಿ ಆಕ್ಸಿಸ್. ಗೂಗಲ್ ಶೀಟ್ಸ್‌ನವರು ಕಸ್ಟಮೈಸ್‌ನಲ್ಲಿ ಸೀರೀಸ್ ತೆರೆದು ರೈಟ್ ಆಕ್ಸಿಸ್ ಆರಿಸಿಕೊಂಡರೆ ಸಾಕು. ಟಿಎಂಸಿಗೆ ಬಲಗಡೆ ಸ್ವಂತ ಅಳತೆ ಬಂತು, ಗೆರೆ ಎದ್ದು ನಿಂತಿತು.

ಅಡಿಯ ಗೆರೆ ಮಾತ್ರ ಮಲಗಿಯೇ ಇತ್ತು, ಎಡಗಡೆಯ ಅಳತೆ ಸೊನ್ನೆಯಿಂದ ಶುರುವಾಗಿತ್ತಲ್ಲ. 1,633 ಎನ್ನುವುದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಅಲ್ಲಿಯ ಸೊನ್ನೆಗೂ ನಮ್ಮ ಡ್ಯಾಮಿಗೂ ಸಂಬಂಧವಿಲ್ಲ. ಕನಿಷ್ಠ 1,580, ಗರಿಷ್ಠ 1,640 ಎಂದು ಕೊಟ್ಟೆ. ಟಿಎಂಸಿಗೆ ಹಾಗೆ ಮಾಡುವಂತಿಲ್ಲ. ಅಲ್ಲಿ ಸೊನ್ನೆ ಅಂದರೆ ನಿಜವಾಗಿಯೂ ನೀರಿಲ್ಲ ಅಂತಲೇ ಅರ್ಥ.

2024ರ ಆಗಸ್ಟ್ 10ರ ರಾತ್ರಿ ಚೈನ್ ಲಿಂಕ್ ತುಂಡಾಗಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು ಈ ಸೀಮೆಯಲ್ಲಿ ಯಾರಿಗೂ ಮರೆತಿಲ್ಲ. ಮರುವರ್ಷ ಗೇಟುಗಳ ಮೇಲೆ ಭಾರ ಬೀಳಬಾರದೆಂದು 1,626 ಅಡಿ, 80 ಟಿಎಂಸಿಗೇ ನಿಲ್ಲಿಸಿದರು. ಏಳೇ ಅಡಿ! ಸೊನ್ನೆಯಿಂದ ಹೊರಟ ಗ್ರಾಫಿನಲ್ಲಿ ಅದು ಕಣ್ಣಿಗೂ ಬೀಳದು. ಟಿಎಂಸಿಯಲ್ಲಿ ನೋಡಿ, ಹೆಚ್ಚುಕಡಿಮೆ ಕಾಲು ಪಾಲು ನೀರು ಹೋಯಿತು. ಡ್ಯಾಂ ಬೋಗುಣಿಯ ಹಾಗೆ, ಬುಡ ಕಿರಿದು, ಬಾಯಿ ಅಗಲ. ಮೇಲಿನ ಒಂದಡಿಯಲ್ಲಿ ಹಿಡಿಯುವಷ್ಟು ನೀರು ಕೆಳಗಿನ ಒಂದಡಿಯಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಎಡಬಲದ ಅಳತೆಗಳನ್ನು ಎಷ್ಟು ಎಳೆದಾಡಿದರೂ ಎರಡು ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ಹೂಳು ಬೇರೆ. 1953ರಲ್ಲಿ ಇದೇ 1,633 ಅಡಿಗೆ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಅಡಿಯ ಪಟ್ಟಿ ಅದೇ ಇದೆ, ನೀರು ಅದಲ್ಲ.

ಗ್ರಾಫನ್ನು ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ಗೆಳೆಯನಿಗೆ ಕಳಿಸಿದೆ. ತಕ್ಷಣ ಫೋನು: “ಅಲ್ರೀ, ಇಲ್ಲಿ ಎರಡೂ ಗೆರಿ ಕೂಡ್ಯಾವಲ್ಲ, ಅವತ್ತೇನಾತು?” ಡ್ಯಾಂ ತುಂಬುತ್ತಿದ್ದ ದಿನಗಳಲ್ಲಿ ಒಂದು ಕಡೆ ಗೆರೆಗಳು ಅಡ್ಡ ಹಾಯ್ದಿದ್ದವು. ಅವತ್ತು ಏನೂ ಆಗಿರಲಿಲ್ಲ. ಬಲಗಡೆಯ ಗರಿಷ್ಠ 110 ಇದ್ದದ್ದನ್ನು 150 ಮಾಡಿ ಮತ್ತೆ ಕಳಿಸಿದೆ, ಗೆರೆಗಳು ಎಲ್ಲೂ ಕೂಡಲೇ ಇಲ್ಲ. ಡ್ಯಾಮಿನ ಲೆಕ್ಕದಲ್ಲಿ ಒಂದಂಕಿಯೂ ಬದಲಾಗಿರಲಿಲ್ಲ. ಬೆಲೆ, ಇಳುವರಿ, ಮಳೆ ಎಂದು ಎರಡು ಅಳತೆಯ ಗ್ರಾಫ್ ಕಂಡಾಗ ಗೆರೆಗಿಂತ ಮೊದಲು ಅಂಚಿನ ಅಂಕಿ ಓದುವುದು ನನಗೀಗ ರೂಢಿಯಾಗಿದೆ.

ಒಳಹರಿವನ್ನೂ ಸೇರಿಸುವ ಆಸೆಯಿತ್ತು, ಮೂರನೇ ಅಳತೆಗೆ ಜಾಗವೆಲ್ಲಿ? ಕೊನೆಗೆ ಕ್ಯೂಸೆಕ್ಕನ್ನೇ ಟಿಎಂಸಿಗೆ ತಿರುಗಿಸಿದೆ. ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಆಮೇಲೆ ಒಳಹರಿವಿನ ಕಂಬಗಳೂ ಸಂಗ್ರಹದ ಗೆರೆಯೂ ಒಂದೇ ಅಳತೆಯಲ್ಲಿ ಕೂತವು. ಇದನ್ನು ಮೊದಲೇ ಮಾಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

“ಫೂಟು ನಮಗ್ಯಾಕ ಬೇಕ್ರೀ, ತಗೀರಿ,” ಎಂದ ಗೆಳೆಯ. ತೆಗೆದೆ. “ಈಗ ಎಲ್‌ಎಲ್‌ಸಿಗೆ ಎಷ್ಟು ಬಿಟ್ಟಾರ, ಅದನ್ನ ಹಾಕ್ರಿ.” ಈಗ ಆ ಕೆಳಮಟ್ಟದ ಕಾಲುವೆಯ ಕಾಲಂ ತುಂಬುತ್ತಿದ್ದೇನೆ.