ಬೆಚ್ಚನೆ ಗಾಳಿಗೊಂದು ಬೇರೆ ದಾರಿ

1930ರ ದಶಕದ ಜರ್ಮನಿಯಲ್ಲಿ ಸಾಮಾನ್ಯ ಜನರಿಗೆಂದು ಒಂದು ಕಾರು ಮಾಡಲು ಹೊರಟಾಗ ಚಳಿಯನ್ನು ಲೆಕ್ಕಕ್ಕೆ ಹಿಡಿಯದೆ ವಿಧಿ ಇರಲಿಲ್ಲ. ಗ್ಯಾರೇಜು ಇಲ್ಲದವರ ಕಾರು ರಾತ್ರಿಯಿಡೀ ಬೀದಿಯಲ್ಲೇ ನಿಲ್ಲಬೇಕು. ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ನೇ ಸೀಳಿಹೋಗಬಹುದು. ಹಾಗಾಗಿ ಸ್ಟುಟ್‌ಗಾರ್ಟಿನಲ್ಲಿದ್ದ, ಕಾರು ವಿನ್ಯಾಸಕ ಫರ್ಡಿನಾಂಡ್ ಪೋರ್ಶೆಯವರ ಕಚೇರಿ ನೀರಿನ ಗೊಡವೆಯನ್ನೇ ಬಿಟ್ಟಿತು. ಅಲ್ಲಿನ ಎಂಜಿನಿಯರ್ ಫ್ರಾಂಟ್ಸ್ ಕ್ಸಾವರ್ ರೈಮ್ಸ್‌ಪೀಸ್ ರೂಪಿಸಿದ, ಅತ್ತ ಎರಡು ಇತ್ತ ಎರಡು ಸಿಲಿಂಡರುಗಳು ಮಲಗಿದ ಎಂಜಿನ್ನು ಕಾರಿನ ಹಿಂಭಾಗದಲ್ಲಿ ಕೂತಿತು. ಸಿಲಿಂಡರುಗಳ ಸುತ್ತ ನಮ್ಮ ಬುಲೆಟ್ ಬೈಕಿನಲ್ಲಿ ಕಾಣುವಂಥದೇ ಲೋಹದ ರೆಕ್ಕೆಗಳು. ಅವುಗಳ ಮೇಲೆ ಗಾಳಿ ಬೀಸಲು ಡೈನಮೋದ ತುದಿಗೆ ಸಿಕ್ಕಿಸಿದ ಫ್ಯಾನು. ಮುಂದೆ ಜಗತ್ತು ಬೀಟಲ್ ಎಂದು ಕರೆದ ಫೋಕ್ಸ್‌ವ್ಯಾಗನ್ ಕಾರು ಇದೇ.

ನೀರನ್ನು ಕೈಬಿಟ್ಟಿದ್ದರಿಂದ ಇನ್ನೊಂದು ಪ್ರಶ್ನೆ ಎದ್ದಿತು. ನೀರಿನ ಎಂಜಿನ್ನಿನಲ್ಲಿ ಬಿಸಿಯಾದ ನೀರನ್ನೇ ಒಂದು ಚಿಕ್ಕ ರೇಡಿಯೇಟರಿಗೆ ಹಾಯಿಸಿ, ಅದರ ಬಿಸಿಯನ್ನು ಒಳಗೆ ಕೂತವರ ಕಾಲ ಬಳಿಗೆ ಊದಬಹುದು. ಗಾಳಿಯ ಎಂಜಿನ್ನಿನಲ್ಲಿ ಆ ಅನುಕೂಲ ಇಲ್ಲ. ಆಗ ಹೊಳೆದ ಉತ್ತರ ಸರಳವಾಗಿತ್ತು: ಸಿಲಿಂಡರುಗಳನ್ನು ತಣಿಸಿ ಬಿಸಿಯಾಗಿ ಹೊರಬರುವ ಗಾಳಿಯಿದೆಯಲ್ಲ, ಅದರಲ್ಲೇ ಒಂದಿಷ್ಟನ್ನು ತಿರುಗಿಸಿ ಒಳಗೆ ಬಿಟ್ಟರಾಯಿತು. ವೃಥಾ ಹೋಗುತ್ತಿದ್ದ ಬಿಸಿ ಬಿಟ್ಟಿಯಾಗಿ ಸಿಕ್ಕಿತು.

ಆದರೆ ಆ ಗಾಳಿ ಎಲ್ಲೆಲ್ಲಿ ಅಲೆದು ಬರುತ್ತಿತ್ತು ಎಂಬುದನ್ನು ನೋಡಬೇಕು. ಆಯಿಲ್ ಕೂಲರಿನ ಮೈಮೇಲೆ, ಸಿಲಿಂಡರ್ ಹೆಡ್ಡಿನ ಸಂದಿಗಳಲ್ಲಿ, ವಾಲ್ವುಗಳನ್ನು ಆಡಿಸುವ ಪುಶ್‌ರಾಡಿನ ಕೊಳವೆಗಳ ಪಕ್ಕದಲ್ಲಿ. ಆ ಕೊಳವೆಗಳ ಸೀಲು ಒಣಗಿ ಒಂದು ಹನಿ ಎಣ್ಣೆ ಜಿನುಗಿದರೂ ಸಾಕು, ಬಿಸಿ ಲೋಹದ ಮೇಲೆ ಅದು ಹೊಗೆಯಾಡಿ ನೇರ ಕಾರಿನೊಳಕ್ಕೆ ಬರುತ್ತಿತ್ತು. ಎಗ್ಸಾಸ್ಟ್ ಜೋಡಣೆಯ ಗ್ಯಾಸ್ಕೆಟ್ ಸುಟ್ಟಿದ್ದರೆ ಬರುತ್ತಿದ್ದದ್ದು ಅದಕ್ಕಿಂತ ಘೋರ. ಎಣ್ಣೆಯ ಹೊಗೆ ಮೂಗಿಗೆ ತಿಳಿಯುತ್ತದೆ, ಕಾರ್ಬನ್ ಮಾನಾಕ್ಸೈಡ್ ತಿಳಿಯುವುದಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗ ಬಿಡುವುದಿಲ್ಲ. ಇದನ್ನು 1890ರ ದಶಕದಲ್ಲಿ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ತಮ್ಮ ಮೈಮೇಲೆಯೇ ಪ್ರಯೋಗಿಸಿ ಅಳೆದಿದ್ದರು. ವಿಷಗಾಳಿಯ ಸುಳಿವು ಮೊದಲೇ ಸಿಗಲೆಂದು ಗಣಿಗಳಿಗೆ ಪುಟ್ಟ ಹಕ್ಕಿಯನ್ನು ಒಯ್ಯುವ ಸಲಹೆ ಹೊರಟದ್ದೂ ಅವರಿಂದಲೇ. ಕಿಟಕಿ ಮುಚ್ಚಿದ ಕಾರೊಂದು ಗಣಿಯ ಸುರಂಗಕ್ಕಿಂತ ತೀರಾ ಚಿಕ್ಕ ಜಾಗ.

ಅಮೆರಿಕದಲ್ಲಿ ಷೆವ್ರೊಲೆ ಕಂಪನಿ 1960ರ ಮಾದರಿಯಾಗಿ ಹೊರತಂದ ಕೊರ್ವೇರ್ ಕಾರಿನದೂ ಇದೇ ಪಾಡು. ಅದರದು ಹಿಂದೆ ಕೂತ, ಆರು ಸಿಲಿಂಡರಿನ, ಗಾಳಿಯಿಂದ ತಣಿಯುವ ಎಂಜಿನ್. ಮೊದಲ ವರ್ಷ ಪೆಟ್ರೋಲನ್ನೇ ಉರಿಸುವ ಪ್ರತ್ಯೇಕ ಹೀಟರ್ ಇಟ್ಟರು, 1961ರಿಂದ ಎಂಜಿನ್ನಿನ ಬಿಸಿಗಾಳಿಗೆ ಬಂದರು. ಅಲ್ಲಿಯೂ ಪುಶ್‌ರಾಡ್ ಕೊಳವೆಗಳ ರಬ್ಬರ್ ರಿಂಗುಗಳು ಬಿಸಿಗೆ ಗಟ್ಟಿಯಾಗಿ ಎಣ್ಣೆ ಬಿಟ್ಟವು. ಇಂದು ಆ ಕಾರನ್ನು ಸಾಕುವವರು ಬಿಸಿ ತಾಳುವ ವೈಟಾನ್ ರಿಂಗುಗಳನ್ನು ಹಾಕಿ ಆ ಕಾಟದಿಂದ ಬಿಡಿಸಿಕೊಂಡಿದ್ದಾರೆ.

ಬೀಟಲ್ ಕಾರಿಗೆ ನಿಜವಾದ ಪರಿಹಾರ ಸಿಕ್ಕಿದ್ದು 1963ರ ಮಾದರಿಯಲ್ಲಿ. ಬಿಸಿಗೇನೂ ಕೊರತೆ ಇರಲಿಲ್ಲ. ಎಂಜಿನ್ನನ್ನು ಮುಟ್ಟಿದ ಗಾಳಿಯನ್ನು ಮನುಷ್ಯ ಉಸಿರಾಡಬಾರದು ಎಂಬ ತಿಳಿವಳಿಕೆ ಲೋಹದಲ್ಲಿ ಮೂಡಿದ್ದು ಆಗ. ಫ್ಯಾನಿನ ಗೂಡಿನಲ್ಲೇ ಎರಡು ಬಾಯಿ ತೆರೆದು, ಸಿಲಿಂಡರುಗಳ ಕಡೆ ಹೋಗುವ ಮೊದಲೇ ತಾಜಾ ಗಾಳಿಯನ್ನು ಕೊಳವೆಗಳಲ್ಲಿ ಕೆಳಗಿಳಿಸಿದರು. ಕೆಳಗೆ ಎಡಕ್ಕೊಂದು ಬಲಕ್ಕೊಂದು ತಗಡಿನ ಪೆಟ್ಟಿಗೆ. ಪ್ರತಿ ಪೆಟ್ಟಿಗೆಯೊಳಗೆ ರೆಕ್ಕೆಗಳಿರುವ ಎಗ್ಸಾಸ್ಟ್ ಕೊಳವೆ. ಕೊಳವೆಯ ಒಳಗೆ ಹೊಗೆ, ಹೊರಗೆ ತಾಜಾ ಗಾಳಿ, ನಡುವೆ ಲೋಹದ ಗೋಡೆ. ಮುಂದಿನ ಎರಡು ಸಿಲಿಂಡರುಗಳ ಹೊಗೆ ಮಾತ್ರ ಹೀಗೆ ಹಾಯುತ್ತದೆ. ಹಿಂದಿನ ಎರಡರದು ನೇರ ಸೈಲೆನ್ಸರಿಗೆ. ಬಿಸಿಯಾದ ಗಾಳಿ ಬಾಗಿಲುಗಳ ಕೆಳಗಿನ ಟೊಳ್ಳು ದೂಲಗಳೊಳಗೆ ಸಾಗಿ ಕಾಲ ಬಳಿ, ಮುಂದಿನ ಗಾಜಿನ ಬುಡದಲ್ಲಿ ಹೊರಬೀಳುತ್ತದೆ.

ಅಷ್ಟು ಹಳೆಯ ಕಾರಿನ ಹೀಟರನ್ನು ಈಗ ರಿಪೇರಿ ಮಾಡಲು ಕೂತವರು ಈ ಶೋಧವನ್ನು ತಮ್ಮ ಕೈಯಲ್ಲಿ ಮತ್ತೊಮ್ಮೆ ನಡೆಸಬೇಕಾಗುತ್ತದೆ ಎಂದೇ ನನಗೆ ಅನಿಸುವುದು. ಗಾಳಿ ಎಲ್ಲಿ ಸೋರುತ್ತಿದೆ, ಹೊಗೆ ಎಲ್ಲಿ ಅದಕ್ಕೆ ಬೆರೆಯುತ್ತಿದೆ ಎಂಬ ಎರಡೇ ಪ್ರಶ್ನೆಗಳ ಬೆನ್ನು ಹತ್ತಿ ಹೋಗಬೇಕು. ಮೊದಲು ಫ್ಯಾನಿನ ಗೂಡಿನಿಂದ ಇಳಿಯುವ ಕೊಳವೆಗಳು. ಅವು ಹರಿದಿದ್ದರೆ ಒಳಗೆ ಬಿಸಿ ಬರುವುದಿಲ್ಲ, ಅಷ್ಟೇ ಅಲ್ಲ, ಸಿಲಿಂಡರುಗಳಿಗೆ ಸಲ್ಲಬೇಕಾದ ಗಾಳಿಯೂ ಪೋಲಾಗುತ್ತದೆ. ಸೆಕೆಯ ಊರುಗಳಲ್ಲಿ ಹೀಟರನ್ನೇ ಕಿತ್ತು ಬರೀ ಎಗ್ಸಾಸ್ಟ್ ಕೊಳವೆ ಹಾಕಿಸುವವರು ಆ ಎರಡು ಬಾಯಿಗಳಿಗೆ ಮುಚ್ಚಳ ಹಾಕುವುದನ್ನು ಮರೆತರೆ ಎಂಜಿನ್ನಿಗೇ ಕುತ್ತು.

ಆಮೇಲೆ ಬಿಸಿ ಪೆಟ್ಟಿಗೆಗಳು. ಹೆಡ್ಡಿಗೆ ಅವನ್ನು ಹಿಡಿದಿರುವ ನಟ್ಟುಗಳು ವರ್ಷಗಟ್ಟಲೆ ಕಾದು ತಣಿದು ಸ್ಟಡ್ಡಿನೊಂದಿಗೆ ಒಂದಾಗಿರುತ್ತವೆ. ಅವಸರದಿಂದ ಸ್ಪ್ಯಾನರ್ ಎಳೆದರೆ ಸ್ಟಡ್ಡು ಹೆಡ್ಡಿನೊಳಗೇ ಮುರಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಚ್ಚಿ, ನಟ್ಟನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ, ಸ್ವಲ್ಪ ಬಿಚ್ಚಿ, ಸ್ವಲ್ಪ ಮರಳಿ ಬಿಗಿದು, ಮತ್ತೆ ಬಿಚ್ಚಬೇಕು. ಕಳಚಿದ ಪೆಟ್ಟಿಗೆಯ ತಾಜಾ ಗಾಳಿಯ ಬಾಯಿಗೆ ಟಾರ್ಚು ಹಿಡಿದು ನೋಡಿ. ರೆಕ್ಕೆಗಳ ಮೇಲೆ ಬೂದು ಬಣ್ಣದ ಧೂಳಿದ್ದರೆ ಚಿಂತೆಯಿಲ್ಲ. ಕಪ್ಪು ಮಸಿಯ ಗೆರೆಯೊಂದು ಕಂಡರೆ ಒಳಗಿನ ಕೊಳವೆ ತೂತಾಗಿದೆ ಎಂದೇ ಅರ್ಥ. ಸಂದೇಹ ಉಳಿದರೆ ಹೊಗೆಯ ಕೊಳವೆಯ ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಮೆಲ್ಲಗೆ ಗಾಳಿ ತುಂಬಿ ಪೆಟ್ಟಿಗೆಯನ್ನು ನೀರಲ್ಲಿ ಅದ್ದಬೇಕು. ಗುಳ್ಳೆ ಎದ್ದರೆ ಆ ಪೆಟ್ಟಿಗೆಯ ಆಯುಸ್ಸು ಮುಗಿಯಿತು. ತೂತಿಗೆ ತೇಪೆ ಹಾಕುವುದನ್ನು ನಾನು ಒಪ್ಪಲಾರೆ. ತಗಡಿನ ಮರೆಯಲ್ಲಿರುವ ಬೆಸುಗೆ ಬಿಟ್ಟರೆ ಗೊತ್ತಾಗುವುದು ಯಾರಿಗೆ?

ಕೇಬಲ್ಲುಗಳ ಕೆಲಸ ಸುಲಭ. ಬೀಟಲ್‌ನಲ್ಲಿ ಮೊದಲು ತಿರುಗಿಸುವ ಗುಂಡಿ ಇತ್ತು, 1965ರ ಮಾದರಿಯಿಂದ ಹ್ಯಾಂಡ್‌ಬ್ರೇಕಿನ ಪಕ್ಕ ಲಿವರುಗಳು ಬಂದವು. ಎಳೆದಾಗ ಕಾರಿನ ಕೆಳಗಿನ ಮುಚ್ಚಳ ತೆರೆಯುತ್ತದೆಯೇ, ಬಿಟ್ಟಾಗ ಪೂರ್ತಿ ಮುಚ್ಚುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಕಷ್ಟ ಇರುವುದು ಬಾಗಿಲ ಕೆಳಗಿನ ದೂಲಗಳಲ್ಲಿ. ಚಳಿ ದೇಶಗಳ ರಸ್ತೆಗೆ ಸುರಿಯುವ ಉಪ್ಪು ಅವನ್ನು ತಿಂದುಹಾಕುತ್ತದೆ. ಪೆಟ್ಟಿಗೆ ಹೊಸದಾದರೂ ಬಿಸಿ ಗಾಳಿ ಆ ತೂತುಗಳಲ್ಲೇ ಹೊರಹೋಗಿ ಕಾಲು ತಣ್ಣಗೇ ಉಳಿಯುತ್ತದೆ. ಗಾಳಿಯ ದಾರಿಯಾಗಿರುವ ಈ ದೂಲಗಳೇ ಬಾಡಿಯ ಬೆನ್ನೆಲುಬೂ ಹೌದು. ಅಡಿಪಾಯದ ತಗಡಿಗೆ ಬಾಡಿ ಬೋಲ್ಟಾಗುವುದು ಇವುಗಳ ಮೂಲಕ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ವೆಲ್ಡ್ ಮಾಡದಿದ್ದರೆ ಬಾಡಿ ಜಗ್ಗಿ, ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಎಲ್ಲ ಮುಗಿಸಿದ ಮೇಲೆ ಕಿಟಕಿ ಮುಚ್ಚಿ, ಹೀಟರ್ ಪೂರ್ತಿ ತೆರೆದು, ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರನ್ನು ಸೀಟಿನ ಮೇಲಿಟ್ಟು ಹೆದ್ದಾರಿಯ ವೇಗದಲ್ಲಿ ಓಡಿಸಿ ನೋಡಬೇಕು. ನಿಂತಲ್ಲೇ ಐಡಲಿನಲ್ಲಿ ಪರೀಕ್ಷಿಸಿದರೆ ಸಾಲದು. ಫ್ಯಾನು ಓಡುವುದು ಎಂಜಿನ್ನಿನ ವೇಗಕ್ಕೆ ತಕ್ಕಂತೆ, ಸೋರಿಕೆ ಹೊರಬೀಳುವುದೂ ಎಂಜಿನ್ ಜೋರಾಗಿ ದುಡಿಯುವಾಗಲೇ.