ಎಂಟೇ ಕಂತಿಗೆ ಪರದೆ ಬಿತ್ತು



ಟಿ.ವಿ.ಯಲ್ಲಿ ಯಾರಾದರೂ ಬೈಯಲು ಬಾಯಿ ತೆರೆದರೆ 'ಬೀಪ್' ಎಂಬ ಸದ್ದು ಆ ಮಾತನ್ನು ನುಂಗಿಹಾಕುವುದನ್ನು ಕೇಳಿದ್ದೀರಲ್ಲವೇ? ಇಂಥ ಬೀಪ್‌ಗಳಿಂದಲೇ ತುಂಬಿದ್ದ ಒಂದು ಹಾಸ್ಯ ಧಾರಾವಾಹಿಯ ಕಥೆ ಹೇಳುತ್ತೇನೆ. ಹೆಸರು 'ಆ್ಯಕ್ಷನ್'. ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1999ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು.

ನಾಯಕ ಪೀಟರ್ ಡ್ರ್ಯಾಗನ್ ಹಾಲಿವುಡ್ ನಿರ್ಮಾಪಕ. ಪಾತ್ರಧಾರಿ ಜೇ ಮೋರ್. ಭಾರೀ ಚಿತ್ರವೊಂದು ನೆಲಕಚ್ಚಿದೆ. ಮುಂದಿನದಕ್ಕೆಂದು, ಹೆಸರಿನ ಗೊಂದಲದಲ್ಲಿ, ಬೇರೆ ಯಾರದೋ ಚಿತ್ರಕಥೆಗೆ ದುಡ್ಡು ಸುರಿದಿದ್ದಾನೆ. ಒಂದು ಕಾಲದ ಬಾಲನಟಿ ವೆಂಡಿ ಈಗ ಮೈಮಾರಿ ಬದುಕುತ್ತಿದ್ದಾಳೆ. ಅವಳನ್ನೇ ಕರೆತಂದು ಕಂಪನಿಯಲ್ಲಿ ದೊಡ್ಡ ಹುದ್ದೆ ಕೊಡುತ್ತಾನೆ!

ಇಷ್ಟು ಅಣಕಿಸಿದರೆ ಚಿತ್ರರಂಗ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಇದರ ನಿರ್ಮಾಪಕರಲ್ಲಿ ಒಬ್ಬರು 'ಡೈ ಹಾರ್ಡ್', 'ದಿ ಮ್ಯಾಟ್ರಿಕ್ಸ್' ತೆಗೆದ ಜೋಯಲ್ ಸಿಲ್ವರ್. ಕಿಯಾನು ರೀವ್ಸ್, ಸಾಂಡ್ರಾ ಬುಲಕ್‌ರಂಥ ತಾರೆಯರು ತಾವಾಗಿಯೇ ಕಾಣಿಸಿಕೊಂಡರು.

ಹಾಗಾದರೆ ನಿಲ್ಲಿಸಿದವರು ಯಾರು? ಲೆಕ್ಕ. ಈ ಧಾರಾವಾಹಿಯನ್ನು ಮೊದಲು ಯೋಚಿಸಿದ್ದು ಎಚ್‌ಬಿಓಗಾಗಿ. ಅಲ್ಲಿ ನೋಡುಗರೇ ಚಂದಾ ಕೊಡುತ್ತಾರೆ, ಜಾಹೀರಾತಿನ ಹಂಗಿಲ್ಲ, ಬೈಗುಳಕ್ಕೆ ಬೀಪ್ ಬೇಕಿಲ್ಲ. ಫಾಕ್ಸ್ ಬದುಕುವುದು ಜಾಹೀರಾತಿನಿಂದ. ಅಲ್ಲಿ ತಲೆ ಎಣಿಕೆಯೇ ಮುಖ್ಯ. ಸಿಕ್ಕ ವೇಳೆಯಾದರೂ ಎಂಥದ್ದು? ಎನ್‌ಬಿಸಿಯ ಹಾಸ್ಯ ಧಾರಾವಾಹಿಗಳು ಆಳುತ್ತಿದ್ದ ಗುರುವಾರ ರಾತ್ರಿ. ತಯಾರಾದ 13 ಕಂತುಗಳಲ್ಲಿ ಫಾಕ್ಸ್ ತೋರಿಸಿದ್ದು 8 ಮಾತ್ರ. ಆ ವರ್ಷ ಮುಗಿಯುವುದರೊಳಗೆ ಪರದೆ ಬಿತ್ತು.

ಮುಂದೆ 2004ರಲ್ಲಿ ಎಚ್‌ಬಿಓ ಹಾಲಿವುಡ್ ಬದುಕನ್ನೇ ಕುರಿತ 'ಆಂಟೂರಾಜ್' ಆರಂಭಿಸಿತು. ಅದು 2011ರವರೆಗೆ, 8 ಸೀಸನ್ ನಡೆಯಿತು. ಬೀಜ ಒಂದೇ ಜಾತಿಯದು, ಬಿದ್ದ ನೆಲ ಬೇರೆ.

ಮೈಕಿನ ಮುಂದೆ ಕೂರುವ ನನಗೆ ಈ ಕಥೆ ದೂರದ್ದೆನಿಸುವುದಿಲ್ಲ. ಹಲವು ಭಾಷೆಗಳ ಈ ಮಹಾನಗರದಲ್ಲಿ ನಮ್ಮ ಕನ್ನಡಕ್ಕಿರುವುದೂ ಒಂದು ಪುಟ್ಟ ವೇಳೆಯೇ. ಕಾರ್ಯಕ್ರಮ ಚೆನ್ನಾಗಿದ್ದರಷ್ಟೇ ಸಾಲದು, ಕೇಳುವವರು ಇದ್ದಾರೆಂದು ಎಣಿಸುವವರಿಗೂ ಗೊತ್ತಾಗಬೇಕು. ಮೆಚ್ಚಿ ಸುಮ್ಮನಿರಬೇಡಿ, ಒಂದು ಸಾಲು ಬರೆಯಿರಿ. ಮೆಚ್ಚದಿದ್ದರೆ ಎರಡು ಸಾಲು ಬರೆಯಿರಿ. ಬೈದರೂ ಚಿಂತೆಯಿಲ್ಲ, ಬೀಪ್ ಹಾಕದೆ ಓದಿಕೊಳ್ಳುತ್ತೇನೆ!