ಈ ಬಂಗುಡೆ ಎಲ್ಲಿಂದ ಬಂತು?

ಬಂಗುಡೆ ಕೊಳ್ಳುವಾಗ ನೀವು ಕಿವಿರು ಎತ್ತಿ ನೋಡುತ್ತೀರಿ, ಕಣ್ಣು ನೋಡುತ್ತೀರಿ, ಮೂಸುತ್ತೀರಿ. ಒಳ್ಳೆಯ ಅಭ್ಯಾಸವೇ. ಆದರೆ ಈ ಪರೀಕ್ಷೆಗೆ ಸಿಗದ ಒಂದು ಅಪಾಯವಿದೆ: ಹಿಸ್ಟಮೈನ್. ಬಂಗುಡೆ, ಬೂತಾಯಿಯಂತಹ ಮೀನುಗಳು ಹಿಡಿದ ನಂತರ ಸಾಕಷ್ಟು ಐಸ್ ಇಲ್ಲದೆ ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳಿಂದ ಇದು ಉತ್ಪತ್ತಿಯಾಗುತ್ತದೆ. ಒಮ್ಮೆ ಉಂಟಾದ ಮೇಲೆ ಎಷ್ಟು ಐಸ್ ಸುರಿದರೂ ಹೋಗದು. ಕುದಿಸಿದರೂ ಹುರಿದರೂ ನಾಶವಾಗದು. ತಿಂದ ಕೆಲವೇ ನಿಮಿಷಗಳಲ್ಲಿ ಅಥವಾ ಒಂದೆರಡು ಗಂಟೆಗಳಲ್ಲಿ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆನೋವು, ಎದೆಬಡಿತ ಶುರುವಾಗುತ್ತದೆ. ಅನೇಕರು ಇದನ್ನು ಮೀನಿನ ಅಲರ್ಜಿ ಎಂದೇ ತಿಳಿಯುತ್ತಾರೆ.

ಆದ್ದರಿಂದ ಮೀನು ಈಗ ಹೇಗಿದೆ ಎಂಬುದಷ್ಟೇ ಸಾಲದು, ಅದು ಬಂದ ದಾರಿಯೂ ತಿಳಿಯಬೇಕು. ಡಿಜಿಟಲ್ ತಂತ್ರಜ್ಞಾನದ ಕೆಲಸ ಇಲ್ಲಿದೆ. ಬೋಟಿನಲ್ಲೇ ಪ್ರತಿ ಬಾಕ್ಸಿಗೆ ಒಂದು ಸಂಖ್ಯೆ ಕೊಟ್ಟು, ಯಾವ ಬೋಟು, ಯಾವ ದಿನ, ಯಾವ ಬಂದರು ಎಂದು ದಾಖಲಿಸಲಾಗುತ್ತದೆ. ಬಾಕ್ಸು ಕೈ ಬದಲಾದಾಗಲೆಲ್ಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಜೊತೆಗಿಟ್ಟ ಪುಟ್ಟ ತಾಪಮಾಪಕವು ದಾರಿಯುದ್ದಕ್ಕೂ ಎಷ್ಟು ತಂಪಿತ್ತು ಎಂಬುದನ್ನು ಬರೆದಿಡುತ್ತದೆ. ಆರೋಗ್ಯದ ಮಟ್ಟಿಗೆ ಇದೇ ಅತಿ ಮುಖ್ಯ.

ರಫ್ತಾಗುವ ಮೀನಿಗೆ ಇಂತಹ ಲೆಕ್ಕ ಹೊಸದಲ್ಲ. 2010ರಿಂದಲೇ ಯುರೋಪಿಯನ್ ಒಕ್ಕೂಟವು ಸಮುದ್ರದಲ್ಲಿ ಹಿಡಿದ ಮೀನಿಗೆ ಪ್ರಮಾಣಪತ್ರ ಕೇಳುತ್ತಿದೆ. ನಮ್ಮಲ್ಲಿ ಅದನ್ನು ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ನೀಡುತ್ತದೆ. ಅದರ ಮುಖ್ಯ ಉದ್ದೇಶ ಅಕ್ರಮ ಮೀನುಗಾರಿಕೆ ತಡೆಯುವುದು, ನಿಜ. ಆದರೂ ಹೊರದೇಶದವರ ಊಟದ ಮೀನಿಗೆ ಇರುವ ಚರಿತ್ರೆ ನಮ್ಮ ಊಟದ ಮೀನಿಗೆ ಇಲ್ಲ.

ಕೊಂಡಿ ಕಳಚುವುದು ಹೆಚ್ಚಾಗಿ ಹರಾಜಿನಲ್ಲಿ. ಬೆಳಿಗ್ಗೆ ದಕ್ಕೆಯಲ್ಲಿ ನಾಲ್ಕು ಬೋಟಿನ ಮೀನು ಒಂದೇ ರಾಶಿಗೆ ಬಿದ್ದರೆ, ನಿನ್ನೆ ಹಿಡಿದದ್ದು ಯಾವುದು, ವಾರದ ಹಿಂದಿನದು ಯಾವುದು? ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ವೇಳೆ ಹೊರರಾಜ್ಯಗಳಿಂದ ಲಾರಿಯಲ್ಲಿ ಮೀನು ಬರುವಾಗ ಈ ಪ್ರಶ್ನೆ ಇನ್ನೂ ಗಂಭೀರ. 2018ರ ಜುಲೈಯಲ್ಲಿ ಫಾರ್ಮಲಿನ್ ಭೀತಿಯಿಂದ ಗೋವಾ ಸರಕಾರವು ಹೊರರಾಜ್ಯಗಳ ಮೀನನ್ನೇ ಕೆಲವು ದಿನ ತಡೆಯಿತು. ತಪ್ಪು ಯಾವ ಲೋಡಿನದು ಎಂದು ತೋರಿಸುವ ದಾಖಲೆ ಇದ್ದರೆ ಆ ಲೋಡನ್ನಷ್ಟೇ ಹಿಂದಕ್ಕೆ ಕಳಿಸಬಹುದು. ಇಲ್ಲದಿದ್ದರೆ ಪ್ರಾಮಾಣಿಕವಾಗಿ ಬುಟ್ಟಿ ಹೊತ್ತು ಮಾರುವವರ ಹೊಟ್ಟೆಗೂ ಪೆಟ್ಟು.

ಕೋಡ್ ಕಂಡಾಕ್ಷಣ ನಂಬಬೇಕೆಂದಲ್ಲ. ಬ್ಲಾಕ್‌ಚೈನ್ ಎಂಬ ವ್ಯವಸ್ಥೆಯ ಬಗ್ಗೆ ಭಾರೀ ಪ್ರಚಾರವಿದೆ. ಬರೆದದ್ದನ್ನು ಆಮೇಲೆ ಗುಟ್ಟಾಗಿ ತಿದ್ದದಂತೆ ಅದು ಕಾಯುತ್ತದೆಯೇ ಹೊರತು, ಮೊದಲೇ ಸುಳ್ಳು ಬರೆದರೆ ಅದಕ್ಕೆ ತಿಳಿಯುವುದಿಲ್ಲ. ಪ್ಯಾಕೆಟ್ ಮೀನಿನ ಕೋಡ್ ಸ್ಕ್ಯಾನ್ ಮಾಡಿದಾಗ ಬರೀ ಕಂಪನಿಯ ಜಾಹೀರಾತು ತೆರೆದರೆ ಪ್ರಯೋಜನವಿಲ್ಲ. ಹಿಡಿದ ದಿನ, ಬಂದರು, ಬ್ಯಾಚ್ ಸಂಖ್ಯೆ ಇದೆಯೇ ನೋಡಿ.

ಬುಟ್ಟಿಯ ಮೀನಿಗೆ ಕೋಡ್ ಬರುವವರೆಗೆ ಬಾಯಿಯಿಂದಲೇ ಕೇಳಿ: ಯಾವ ಬಂದರಿನದು, ಯಾವಾಗ ಇಳಿದದ್ದು? ಮೀನಿನಷ್ಟೇ ತೂಕದ ಐಸ್ ಜೊತೆಗಿರಬೇಕು. ಮೇಲೆ ನಾಲ್ಕು ತುಂಡು ಚೆಲ್ಲಿದರೆ ಸಾಲದು. ಮೀನು ತಿಂದು ಮನೆಯವರಿಗೆ ತುರಿಕೆ, ಎದೆಬಡಿತ ಕಾಣಿಸಿಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಯಾವ ಮೀನು, ಎಲ್ಲಿ ಕೊಂಡದ್ದು, ಎಷ್ಟು ಹೊತ್ತಿಗೆ ತಿಂದದ್ದು ಎಂದು ಹೇಳಿ. ಉಳಿದ ತುಂಡನ್ನು ಎಸೆಯದೆ, ಯಾರೂ ತಿನ್ನದಂತೆ ಕಟ್ಟಿ ಫ್ರೀಜರಿನಲ್ಲಿಡಿ, ಪರೀಕ್ಷೆಗೆ ಬೇಕಾಗಬಹುದು.